ಹಿತ್ತಲ ಬಾಗಿಲಿನ ಗಿರಾಕಿಗಳು

ನಮ್ಮ ಒತ್ತೆ ಅಂಗಡಿಯ ಹಲಗೆಗಳ ಮೇಲೆ ಬಿಳಿ ಬಟ್ಟೆಯ ಗಂಟುಗಳು ಸಾಲಾಗಿ ಕೂತಿರುತ್ತಿದ್ದವು. ಒಂದೊಂದರ ಕೊರಳಿಗೂ ಸಂಖ್ಯೆ ಬರೆದ ಚೀಟಿ. ಒಳಗೇನಿದೆ, ಯಾರದ್ದು ಎಂಬುದು ನನ್ನ ಗಂಡನಿಗೂ ಅವನ ದಪ್ಪ ಲೆಕ್ಕದ ವಹಿಗೂ ಮಾತ್ರ ಗೊತ್ತಿತ್ತು. ಗಿರಾಕಿಗಳು ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ಪೇಟೆಯಲ್ಲಿ ಎದುರಾದರೆ ಅವನು ಗುರುತಿಲ್ಲದವನಂತೆ ನಡೆದುಬಿಡುತ್ತಿದ್ದ. ಆ ವ್ಯಾಪಾರದ ಮರ್ಯಾದೆ ಅದು. ಮದುವೆಯ ನಂತರ ನಾನೂ ಕಲಿತೆ.

ಅವನು ತೀರಿಹೋಗಿ ಏಳು ತಿಂಗಳಾಗಿತ್ತು. ಆ ತಿಂಗಳುಗಳ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಏಳುತ್ತಿದ್ದೆ, ಉಣ್ಣುತ್ತಿದ್ದೆ, ಗಂಟುಗಳ ಧೂಳು ಒರೆಸುತ್ತಿದ್ದೆ. ಆಗ ಪುರಸಭೆಯ ನೋಟೀಸು ಬಂತು. ಪರವಾನಗಿಯನ್ನು ಹೆಂಡತಿಯ ಹೆಸರಿಗೆ ಬದಲಾಯಿಸಬೇಕಾದರೆ, ಆ ಅಂಗಡಿಯಲ್ಲಿ ಒತ್ತೆ ಇಟ್ಟಿರುವ ಹತ್ತು ಜನ ಗೊತ್ತುಪಡಿಸಿದ ದಿನ ಸಂಜೆ ಐದರೊಳಗೆ ಕಚೇರಿಗೆ ಬಂದು, ತಮ್ಮ ಹೆಸರನ್ನೂ ವಸ್ತುವನ್ನೂ ಹೇಳಿ, ಅಂಗಡಿ ನಂಬಿಕೆಯದು ಎಂದು ರುಜು ಹಾಕಬೇಕು. ಇಲ್ಲವಾದರೆ ಅಂಗಡಿಗೆ ಬೀಗ. ಗಂಟುಗಳನ್ನು ಬಯಲಿನಲ್ಲಿ ಬಿಚ್ಚಿ, ಇಟ್ಟವರ ಹೆಸರು ಕೂಗಿ ಹರಾಜು. ಅದರ ಪ್ರತಿಯನ್ನು ಅಂಗಡಿಯ ಬಾಗಿಲಿಗೂ ಅಂಟಿಸಿದರು. ಊರೆಲ್ಲ ಓದಿತು.

ನೋಟೀಸನ್ನು ಎರಡನೇ ಸಲ ಓದಿದೆ. ಈ ಅಂಗಡಿ ನನಗೆ ಬೇಕು. ಅವನು ಹೋದ ಮೇಲೆ ಏನಾದರೂ ಬೇಕು ಅನ್ನಿಸಿದ್ದು ಅದೇ ಮೊದಲು.

ಗೊತ್ತುಪಡಿಸಿದ ದಿನ ಪುರಸಭೆಯ ಪರವಾನಗಿ ಗುಮಾಸ್ತ ಚೆನ್ನವೀರಯ್ಯ ಹತ್ತು ಗೆರೆ ಎಳೆದ ಹಾಳೆಯನ್ನೂ ನಮ್ಮ ವಹಿಯನ್ನೂ ಮುಂದಿಟ್ಟುಕೊಂಡು ಕೂತ. ಎದುರಿನ ಬೆಂಚಿನಲ್ಲಿ ನಾನು. ಮಧ್ಯಾಹ್ನ ಕಳೆದರೂ ಹಾಳೆ ಖಾಲಿ. ಜನ ಬರಲಿಲ್ಲವೆಂದಲ್ಲ, ಕಚೇರಿ ಗಿಜಿಗುಡುತ್ತಿತ್ತು. ಎಲ್ಲ ಹಿತ್ತಲಲ್ಲಿ ಕಂಡ ಮುಖಗಳೇ, ಒಬ್ಬೊಬ್ಬರಿಗೂ ಬೇರೇನೋ ಕೆಲಸದ ನೆಪ. ಮರ್ಯಾದೆ ಮೀರದೆ ನಾನು ಗೋಡೆ ನೋಡುತ್ತ ಕೂತಿದ್ದೆ.

ಮದುವೆಗಳಲ್ಲಿ ಕ್ಲಾರಿನೆಟ್ ಊದುವ ದಾವಲಸಾಬ ಮೂರನೇ ಸಲ ಮೇಜಿನ ಹತ್ತಿರ ಸುಳಿದ.

"ನೀರಿನ ಕರ ಹೋದ ವಾರನ ಕಟ್ಟೀಯಲ್ಲೋ," ಎಂದ ಚೆನ್ನವೀರಯ್ಯ.

"ರಸೀದಿ ಕಳದೈತ್ರಿ."

"ಮತ್ತ ಕೈಯಾಗ ಹಿಡಕೊಂಡಿದ್ದೇನು?"

ದಾವಲಸಾಬ ರಸೀದಿಯನ್ನು ಜೇಬಿಗೆ ತುರುಕಿದ. ಅಷ್ಟರಲ್ಲಿ ಶೇಂಗಾ ಮಾರುವ ತುಂಗವ್ವ ನುಗ್ಗಿ ಬಂದಳು.

"ನಮ್ಮ ಮಗ್ಗಲ ಮನ್ಯಾಕಿ ಒಂದು ಹಂಡೆ ಇಟ್ಟಾಳ್ರಿ. ಆಕಿ ಪರವಾಗಿ ನಾ ಹೆಬ್ಬಟ್ಟು ಒತ್ತತೀನಿ."

"ಇಟ್ಟಾಕಿನ ಬರಬೇಕವ್ವ."

"ಆಕಿಗೆ ಕಾಲು ಬ್ಯಾನಿ."

"ಹಂಡೆ ಎಷ್ಟು ದೊಡ್ಡದೈತಿ?"

"ಏ, ನನ್ನ ಒಲಿ ಮ್ಯಾಲ ಹಿಡಸೂದ ಇಲ್ಲ..." ಎಂದವಳು ಥಟ್ಟನೆ ಬಾಯಿ ಮುಚ್ಚಿಕೊಂಡಳು.

ಕಚೇರಿಗೆ ಕಚೇರಿಯೇ ನಕ್ಕಿತು. ತುಂಗವ್ವ ಸೊಂಟಕ್ಕೆ ಕೈಯಿಟ್ಟು ತಿರುಗಿದಳು. "ಹೌದು, ನಂದ ಹಂಡೆ! ನಗ್ರಿ ನಗ್ರಿ. ನಾಳೆ ಬಯಲಾಗ ನಿಮ್ಮ ಹೆಸರೂ ಕೂಗ್ತಾರ. ಏ ದಾವಲ್, ಲಗ್ನ ಇಲ್ಲದ ತಿಂಗಳದಾಗ ನಿನ್ನ ಕ್ಲಾರಿನೆಟ್ ಎಲ್ಲಿರತೈತಿ ಅಂತ ನನಗ ಗೊತ್ತಿಲ್ಲೇನ?"

ದಾವಲಸಾಬ ಸುತ್ತ ನೋಡಿದ. ತುಂಗವ್ವ ಹೆಬ್ಬೆಟ್ಟು ಒತ್ತಿದ ಮೇಲೆ ಪೆನ್ನು ತೆಗೆದುಕೊಂಡ.

ಮೂರನೆಯವರು ಕಂಠಿ ಮಾಸ್ತರರು. ಮೇಜಿಗೆ ಬಾಗಿ ಪಿಸುಗುಟ್ಟಿದರು. "ಜೋರಾಗಿ ಹೇಳ್ರಿ ಸರ," ಎಂದ ಚೆನ್ನವೀರಯ್ಯ, "ನಮಗ ಮಗ್ಗಿ ಹೇಳಸ್ತಿದ್ರಲ್ಲ, ಹಂಗ." ಮಾಸ್ತರರು ಬೆನ್ನು ನೆಟ್ಟಗೆ ಮಾಡಿ, "ಬೆಳ್ಳಿ ತಟ್ಟೆ! ಎರಡು!" ಎಂದು ಗದರಿಸುವಂತೆ ಹೇಳಿದರು. ನಾಲ್ಕು, ಐದು, ಆರು. ಪ್ರತಿ ರುಜುವನ್ನೂ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ನಾಲ್ಕೂವರೆಗೆ ಒಂಬತ್ತು.

ಅಲ್ಲಿಗೆ ನಿಂತುಹೋಯಿತು. ಉಳಿದವರು ಒಬ್ಬೊಬ್ಬರಾಗಿ ಜಾರಿಕೊಂಡಿದ್ದರು. ತುಂಗವ್ವ ಕಿಟಕಿಯಿಂದ ರಸ್ತೆಗೆ ಕೂಗಿದಳು: "ಒಬ್ಬರ ಕಡಿಮಿ ಬಿದ್ದಾರ, ಬರ್ರಪ್ಪೋ!" ಹೋಗುತ್ತಿದ್ದವರು ಹೆಜ್ಜೆ ಜೋರು ಮಾಡಿದರು. ನನಗೆ ಸಿಟ್ಟು ಬಂತು. ಒಂದು ಮಾತು ಒಪ್ಪಿಕೊಳ್ಳಲು ಇಷ್ಟು ನಾಚಿಕೆಯೇ? ಹಾಗೆ ಅಂದುಕೊಂಡ ಕ್ಷಣವೇ ನನ್ನ ಮುಖ ಬಿಸಿಯಾಯಿತು.

ಎದ್ದು ನಿಂತೆ. "ನಾನೂ ಇಟ್ಟೀನ್ರಿ."

"ನೀವು ಅರ್ಜಿದಾರರು, ಬಾಯಾರ."

"ಅರ್ಜಿದಾರರು ಬ್ಯಾಡ ಅಂತ ಎಲ್ಲಿ ಬರದೈತ್ರಿ?"

ಅವನು ನಿಯಮದ ಸಾಲುಗಳ ಮೇಲೆ ಬೆರಳಾಡಿಸಿದ. ತುಟಿ ಅಲ್ಲಾಡುತ್ತಿತ್ತು. ಗಡಿಯಾರದಲ್ಲಿ ಐದಕ್ಕೆ ಎಂಟು ನಿಮಿಷ. "ಇಲ್ಲ," ಎಂದ ಕೊನೆಗೆ. "ಆದ್ರ ವಹ್ಯಾಗ ಇರಬೇಕು."

ಐದು ವರ್ಷದ ಹಿಂದೆ ಒತ್ತೆ ಇಟ್ಟ ತಿಂಗಳು ಹೇಳಿದೆ. ಗಂಡನ ಪರಿಚಯ ಗ್ರಂಥಾಲಯದಲ್ಲಿ ಆಯಿತು ಎಂದು ಗೆಳತಿಯರಿಗೆಲ್ಲ ಹೇಳಿದ್ದೆ. ನಿಜವಾಗಿ ಎಂ.ಎ. ಪರೀಕ್ಷೆಯ ಶುಲ್ಕಕ್ಕಾಗಿ ತಲೆಯ ಮೇಲೆ ಸೆರಗೆಳೆದುಕೊಂಡು ಆ ಹಿತ್ತಲಿಗೆ ಹೋಗಿದ್ದೆ. ಅವನು ನನ್ನ ವಸ್ತುವನ್ನು ಒರೆಗಲ್ಲಿಗೆ ತಿಕ್ಕಿ, ತುಸು ಹೊತ್ತು ನೋಡಿ, ಏನೂ ಹೇಳದೆ ಹಣ ಎಣಿಸಿದ್ದ. ಮದುವೆಯಾದ ಮೇಲೆ ಕೇಳಿದರೆ, "ಚೀಟಿ ತಂದರ ಕೊಡ್ತೀನಿ," ಎಂದು ನಗುತ್ತಿದ್ದ. ಚೀಟಿಯನ್ನು ನಾನು ಕಳೆದುಕೊಂಡಿದ್ದೆ. ಆ ಗಂಟಿನ ಧೂಳನ್ನೂ ಏಳು ತಿಂಗಳು ನಾನೇ ಒರೆಸಿದ್ದೆ, ವಹಿ ತೆರೆಯದೆ, ಯಾವುದೆಂದು ತಿಳಿಯದೆ.

"ವಸ್ತು?"

"ಬಿ.ಎ.ದಾಗ ಬಂದ ಬಂಗಾರದ ಪದಕ."

ಚೆನ್ನವೀರಯ್ಯನ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಹೆಸರು ಐತ್ರಿ. ತಂದಿ ಹೆಸರೂ ಐತಿ. ಆದ್ರ..." ಅವನು ನನ್ನ ಮುಖ ನೋಡಿದ. "'ಪದಕ ಒಂದು. ಹಿತ್ತಾಳೆ, ಮೇಲೆ ಚಿನ್ನದ ನೀರು' ಅಂತ ಬರದಾರ. ರೊಕ್ಕ ಮಾತ್ರ ಬಂಗಾರದ ಲೆಕ್ಕದಾಗ ಕೊಟ್ಟಾರ."

ನಾನೂ ಗಂಡನೂ ನಾಲ್ಕು ವರ್ಷ ಒಂದೇ ಮನೆಯಲ್ಲಿ ಇದ್ದೆವು. ನನ್ನ ಚಿನ್ನದ ಪದಕದ ಬಗ್ಗೆ ಎಷ್ಟೋ ಸಲ ಜಂಬ ಕೊಚ್ಚಿದ್ದೆ. ಅವನು ತಲೆದೂಗಿ ಕೇಳುತ್ತಿದ್ದ.

"ಅಯ್ಯ ನಮ್ಮವ್ವಾ, ಹಿತ್ತಾಳಿ!" ಎಂದಳು ತುಂಗವ್ವ.

ನನಗೆ ನಗು ಬಂತು. ತಡೆಯಲಾಗಲಿಲ್ಲ. ಮೇಜು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. "ಹಿತ್ತಾಳೆ ಅಂತಲೇ ಬರೀರಿ," ಎಂದು ಹತ್ತನೆಯ ಗೆರೆಯ ಮೇಲೆ ರುಜು ಹಾಕಿದೆ. ಚೆನ್ನವೀರಯ್ಯ ಮೊಹರನ್ನು ಎರಡು ಸಲ ಗುದ್ದಿದ.

ಹೊರಗೆ ಬಂದಾಗ ಒಂಬತ್ತೂ ಜನ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದರು. ಮನೆಗೆ ಹೋಗಲು ಯಾರಿಗೂ ಅವಸರವಿದ್ದಂತಿರಲಿಲ್ಲ. ಶೇಂಗಾದ ಬುಟ್ಟಿ ಕೈಯಿಂದ ಕೈಗೆ ಹೋಗುತ್ತಿತ್ತು. "ನಿಮ್ಮದು ಎಷ್ಟು ವರ್ಷ ಆತ್ರಿ, ಸರ?" ಎಂದು ದಾವಲಸಾಬ ಮಾಸ್ತರರನ್ನು ಕೇಳುತ್ತಿದ್ದ, ಮಾಸ್ತರರು ಬೆರಳು ಮಡಚುತ್ತಿದ್ದರು. ತುಂಗವ್ವ ಸರಿದು ಜಾಗ ಮಾಡಿದಳು. ಮಧ್ಯಾಹ್ನದ ಬಿಸಿಲು ಕುಡಿದ ಕಲ್ಲು ಇನ್ನೂ ಬೆಚ್ಚಗಿತ್ತು.