ಪಗೋನಳ ಪಕ್ಕೆಗಳು ಸಡಿಲವಾಗುವ ತನಕ

೧
ಎಲ್ಲಿಂದ ಶುರು ಮಾಡಲಿ? ಬಾಗಿಲಿನಿಂದಲೇ ಆಗಲಿ, ಪಗೋನ ಅಲ್ಲೇ ನಿಂತಿದ್ದಾಳೆ. ಎರಡೂ ಮುಂಗೈಗಳನ್ನು ಚೌಕಟ್ಟಿಗೆ ಊರಿ, ಒಂದು ಕಾಲು ಮುಂದಿಟ್ಟು, ಎದೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದಾಳೆ. ನ್ಯುಮೋನಿಯಾ ಬಂದುಹೋದ ಮೇಲೆ ಅವಳ ಪಕ್ಕೆಗಳು ಬಿಗಿದುಕೊಂಡಿವೆ. ವ್ಯಾಯಾಮ ಹೇಳಿಕೊಟ್ಟವಳು ಪಟ್ಟಣದ ಫಿಸಿಯೋಥೆರಪಿ ಹುಡುಗಿ.

(ತೀರಾ ಆಸ್ಪತ್ರೆಯ ಕರಪತ್ರದ ಹಾಗಾಯಿತು. ಮತ್ತೆ ಶುರು ಮಾಡುತ್ತೇನೆ.)

೧, ಮತ್ತೆ
ನಮ್ಮ ಮಾನಿ ಸೀಮೆಯಲ್ಲಿ, ಗ್ರೀಸಿನ ಈ ಕಲ್ಲುತುದಿಯಲ್ಲಿ, ಸತ್ತವರನ್ನು ಹಾಡಿ ಅತ್ತು ಕಳಿಸಬೇಕು. ಹಾಡಿಲ್ಲದೆ ಮಣ್ಣಿಗಿಟ್ಟರೆ ಮನೆತನಕ್ಕೇ ಅವಮಾನ. ಊರಿಗೆಲ್ಲ ಹಾಡಿದವಳು ಪಗೋನ. ಈಗ ಒಳಗೆ ಮಂಚದ ಮೇಲೆ ಅವಳ ಅಕ್ಕ ಕನೇಲ್ಲ ಸಾಯುತ್ತಿದ್ದಾಳೆ. ತಂಗಿಯ ಉಸಿರು ಹಾಡಿಗೆ ಸಾಲುವ ತನಕ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಾಳೆ.

"ಕೈ ತಲೆ ಮೇಲೆ ತಗೊಂಡೋಗಿ ಪಕ್ಕಕ್ಕೆ ಬಾಗೇ. ಗೋಡೆ ಆಚೆ ಇಣುಕೋಕಾದ್ರೆ ಚೆನ್ನಾಗಿ ಬಾಗ್ತೀಯ."

"ಹಿಡ್ಕೊಳ್ತಿದೆ ಅಕ್ಕ."

"ಹಿಡ್ಕೊಳ್ಳಲಿ. ಉಸಿರು ಪಕ್ಕೆಗೆ ತುಂಬ್ಕೊಂಡು ಬಿಡು. ನನ್ನ ಹೆಣದ ಮುಂದೆ ಆ ಪಕ್ಕದ್ಮನೆ ಕಾಗೆ ಹಾಡಿದ್ರೆ ಎದ್ದು ಹೋಗ್ಬಿಡ್ತೀನಿ ನಾನು."

೨
ಪಗೋನ ದಿನದಿನಕ್ಕೂ ಚೇತರಿಸಿಕೊಂಡಳು ಎಂದು ಬರೆದೆ. ಅವಳು ಒಪ್ಪಲಿಲ್ಲ.

"ನಾನು ಚೇತರಿಸ್ಕೊಂಡ್ರೆ ಅಕ್ಕ ಹೋಗ್ತಾಳೆ. ಹೊಡೆದ್ಹಾಕಪ್ಪ ಅದನ್ನ."

ಹೊಡೆದುಹಾಕಿದೆ. ಅಂದಿನಿಂದ ಅವಳು ಅರ್ಧಕ್ಕೇ ಬಾಗುತ್ತಾಳೆ, ಕೈಯನ್ನು ಕಿವಿಯ ತನಕ ಎತ್ತಿ ಸುಳ್ಳೇ ನರಳುತ್ತಾಳೆ. ಮೂಲೆಯಲ್ಲಿರುವ ದೇವಮಾತೆಯ ಪಟದ ಕಡೆ ಮಾತ್ರ ನೋಡುವುದಿಲ್ಲ. ನಾನು ನೋಡಿದೆ. ಯಾರಿಗೋಸ್ಕರ ಏನು ಬೇಡಿಕೊಳ್ಳಬೇಕೆಂದು ತಿಳಿಯದೆ, ದೀಪಕ್ಕೆ ಎಣ್ಣೆ ಹಾಕಿ ಸುಮ್ಮನೆ ಬಂದೆ.

೩
ಇವತ್ತು ಬೆಳಿಗ್ಗೆ ಕನೇಲ್ಲ ಕೇಳಿದಳು: "ನಿನ್ನೆ ಮೇಕೆ ಅಂಜೂರದ ಗಿಡಕ್ಕೆ ಬಾಯಿ ಹಾಕ್ದಾಗ ಊರಿಗೇ ಕೇಳೋ ಹಾಗೆ ಕೂಗಿದ್ಯಲ್ಲ. ಆ ಉಸಿರು ಎಲ್ಲಿತ್ತು?"

ಪಗೋನ ಕೈ ಇಳಿಸಿದಳು.

"ನೋವು ತಡೆಯೋಕಾಗ್ತಿಲ್ಲ ಕಣೇ," ಎಂದಳು ಕನೇಲ್ಲ. "ನನ್ನ ಕಳಿಸ್ಕೊಡು."

೪
ಮುಕ್ತಾಯ ಒಂದು: ಪಗೋನ ಪೂರ್ತಿ ಬಾಗುತ್ತಾಳೆ, ಎದೆ ಬಿಚ್ಚಿಕೊಳ್ಳುತ್ತದೆ, ಸಂಜೆಯೊಳಗೆ ಹಾಡುತ್ತಾಳೆ.

ಮುಕ್ತಾಯ ಎರಡು: ಪಗೋನ ಕೊನೆಯ ತನಕ ನರಳುತ್ತಲೇ ಇರುತ್ತಾಳೆ, ಪಕ್ಕದ ಮನೆಯವಳು ಹಾಡುತ್ತಾಳೆ.

ಮುಕ್ತಾಯ ಮೂರು: ಪವಾಡ. (ನಂಬುವವನೇ ನಾನು. ಆದರೂ ಬರೆಯಲು ಕೈ ಬರಲಿಲ್ಲ.)

ಮೂರನ್ನೂ ಹರಿದೆ. ಪಗೋನಳನ್ನು ಬಾಗಿಲಲ್ಲೇ ಬಿಟ್ಟು ಪೆನ್ನು ಕೆಳಗಿಟ್ಟೆ. ನಾನು ಬರೆಯದಿದ್ದರೆ ಯಾರೂ ಸಾಯುವುದಿಲ್ಲವಲ್ಲ.

ಮಂಚದ ಮೇಲಿಂದ ಕನೇಲ್ಲ ನನ್ನ ಕಡೆ ತಿರುಗಿದಳು.

"ನೀನೂ ಇವಳ ಥರಾನೇ ಕಣಪ್ಪ," ಎಂದಳು. "ನೋವು ನಿಂದಲ್ಲವಲ್ಲ."