ಕಳೆದುಹೋದ ಪುಸ್ತಕಗಳ ಕಪಾಟು

ಕಪಾಟಿಗೆ ಹೊದಿಸಿದ್ದ ಬೆಡ್‌ಶೀಟನ್ನು ಚಿಕ್ಕಪ್ಪ ಒಂದೇ ಏಟಿಗೆ ಎಳೆದು ಕೆಡವಿದ.

“ಯಾರೇ ಇದಕ್ಕೆ ಮುಸುಕು ಹಾಕಿದ್ದು? ಜೀವನಪೂರ್ತಿ ಪುಸ್ತಕ ಪುಸ್ತಕ ಅಂತಿದ್ದ ಮನುಷ್ಯ. ಇವತ್ತೊಂದಿನ ನಾಲ್ಕು ಜನ ನೋಡ್ಲಿ ಬಿಡು!”

ಹಾಕಿದವಳು ಮಗಳು. ಬೆಳಿಗ್ಗೆ ಅಪ್ಪನನ್ನು ನಡುಮನೆಯಲ್ಲಿ ಮಲಗಿಸಿದ ಕೂಡಲೇ ಅವಳು ಮಾಡಿದ ಮೊದಲ ಕೆಲಸ ಅದು. ಅತ್ತದ್ದು ಆಮೇಲೆ. “ಧೂಳು ಚಿಕ್ಕಪ್ಪ,” ಎಂದಳು. ಅವನು ಕೇಳಬೇಕಲ್ಲ! ಸಾವಿನ ಮನೆಯಾದರೇನು, ಮದುವೆ ಮನೆಯಾದರೇನು, ಯಜಮಾನಿಕೆ ಸಿಕ್ಕರೆ ಬಿಡುವ ಆಸಾಮಿಯಲ್ಲ.

ಅಪ್ಪ ಊರಿಗೆಲ್ಲ ಬೈಂಡರ್. ಹರಿದ ಪುಸ್ತಕ ಹೊಲಿದು, ರಟ್ಟು ಹಾಕಿ, ಅಂಚು ಕತ್ತರಿಸಿ ಹೊಸದು ಮಾಡಿಕೊಡುವವನು. ಗೋಡೆಯುದ್ದದ ಕಪಾಟಿನ ತುಂಬ ಕಂದು ಬಟ್ಟೆಯ ರಟ್ಟುಗಳು. ಬಂದವರು ಅವನ ಮುಖ ನೋಡಿ, ಹೂವಿಟ್ಟು, ಕಪಾಟಿನ ಕಡೆ ತಿರುಗಿ ನಿಟ್ಟುಸಿರು ಬಿಡುತ್ತಿದ್ದರು.

“ಎಂಥಾ ಓದು ರೀ ಇವರದ್ದು,” ಎಂದ ಔಷಧಿ ಅಂಗಡಿಯವನು.

“ನಮ್ಮನೇಲಿ ಕ್ಯಾಲೆಂಡರ್ ಬಿಟ್ರೆ ಓದೋಕೆ ಏನೂ ಇಲ್ಲ,” ಎಂದಳು ಎದುರುಮನೆಯಾಕೆ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಮಗಳಿಗೆ. ಅಪ್ಪ ಓದುತ್ತಿದ್ದದ್ದು ದಿನಪತ್ರಿಕೆ ಒಂದೇ, ಅದೂ ಕೊನೆಯ ಪುಟ. ಈ ಕಪಾಟಿನಲ್ಲಿದ್ದದ್ದು ಅವನ ಓದಲ್ಲ, ಅವನು ಕೆಡಿಸಿದ ಕೆಲಸ. ತಲೆಕೆಳಗಾಗಿ ಹೊಲಿದದ್ದು, ಒಂದರ ಹೊಟ್ಟೆಯೊಳಗೆ ಇನ್ನೊಂದರ ಹಾಳೆ ಸೇರಿಸಿದ್ದು, ಅಂಟು ಮೆತ್ತಿ ಬಿಡಿಸಲಾಗದ್ದು. ಒಳ್ಳೆ ಕೈ ಎಂದು ಹೆಸರಿತ್ತಲ್ಲ, ಅದು ಕೆಡಬಾರದೆಂದು ಕೆಟ್ಟದ್ದನ್ನೆಲ್ಲ ಕಳೆದುಹೋಯಿತು ಎಂದು ಹೇಳಿ ಮನೆಗೆ ತಂದಿಡುತ್ತಿದ್ದ. ಎಸೆಯಲು ಮಾತ್ರ ಮನಸ್ಸು ಬರುತ್ತಿರಲಿಲ್ಲ.

ಅಷ್ಟರಲ್ಲಿ ಹಿಂದಿನ ಬೀದಿಯ ಟೀಚರಮ್ಮ ಕೋಲೂರಿಕೊಂಡು ಬಂದರು. ಕಪಾಟಿನ ಪಕ್ಕದ ಕುರ್ಚಿಯಲ್ಲೇ ಕೂತರು. ಮಗಳು ಕೆಳಗಿನ ಸಾಲಿಗೆ ಅಡ್ಡವಾಗಿ ನಿಂತಳು.

*

ಅವಳಿಗಾಗ ಹತ್ತೋ ಹನ್ನೊಂದೋ. ಅಂಗಡಿಯಲ್ಲಿ ಕತ್ತರಿಸುವ ಯಂತ್ರದ ಅಲಗು ಇಳಿಯಿತು, ಕಾಗದದ ಪಟ್ಟಿಗಳು ಉದುರಿದವು. ಪಟ್ಟಿಗಳ ಮೇಲೆ ಪೆನ್ಸಿಲ್ ಅಕ್ಷರ. ಅಪ್ಪ ಹಿಂದಿನ ಪುಸ್ತಕದ ಅಳತೆ ಬದಲಿಸದೆ ಅಲಗು ಎಳೆದಿದ್ದ.

ಪುಸ್ತಕ ಟೀಚರಮ್ಮನದು. ತೀರಿಹೋದ ಗಂಡ ಅದನ್ನು ಓದುತ್ತ ಓದುತ್ತ ಅಂಚಿನಲ್ಲಿ ಅವರಿಗೆಂದು ಏನಾದರೂ ತಮಾಷೆ ಬರೆದಿಡುತ್ತಿದ್ದರಂತೆ. ಹಾಳೆ ಬಿಡತೊಡಗಿದ್ದರಿಂದ, ಜೋಪಾನ ಎಂದು ಟೀಚರಮ್ಮ ಹತ್ತು ಸಲ ಹೇಳಿ ಕೊಟ್ಟುಹೋಗಿದ್ದರು.

ಅಪ್ಪ ನೆಲದಲ್ಲಿ ಕೂತು ಪಟ್ಟಿಗಳನ್ನು ಜೋಡಿಸಲು ನೋಡಿದ. ಯಾವುದು ಯಾವ ಹಾಳೆಯದೆಂದು ಗೊತ್ತಾಗಲಿಲ್ಲ. ಹೊರಗೆ ಟೀಚರಮ್ಮನ ದನಿ ಕೇಳಿಸಿತು.

“ಹೋಗು ಪುಟ್ಟಿ, ಕಳೆದುಹೋಗಿದೆ ಅಂತ ಹೇಳು. ನೀನು ಹೇಳಿದ್ರೆ ನಂಬ್ತಾರೆ.”

ಹೇಳಿದಳು. ಟೀಚರಮ್ಮ ಬೈಯಲಿಲ್ಲ. “ಇನ್ನೊಂದ್ಸಲ ಹುಡುಕೋಕೆ ಹೇಳಮ್ಮ,” ಎಂದರು. ಮುಂದಿನ ವಾರ ಮತ್ತೆ ಬಂದರು. ಅದರ ಮುಂದಿನ ವಾರವೂ ಬಂದರು.

*

“ವ್ಯಾನ್ ಬರೋಕೆ ಇನ್ನೂ ಹೊತ್ತಿದೆ,” ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ. “ಅಣ್ಣನ ನೆನಪಿಗೆ ಒಬ್ಬೊಬ್ಬರೂ ಒಂದೊಂದು ಪುಸ್ತಕ ತಗೊಂಡು ಹೋಗಿ. ಸಂಕೋಚ ಪಡಬೇಡಿ!”

“ಬೇಡ ಚಿಕ್ಕಪ್ಪ!”

“ಪುಸ್ತಕಕ್ಕೂ ಜಿಪುಣತನವೇನೇ?”

ಔಷಧಿ ಅಂಗಡಿಯವನ ಕೈ ಆಗಲೇ ಕಪಾಟಿನಲ್ಲಿತ್ತು. ಮೊದಲ ಹಾಳೆ ತೆರೆದವನು ಹುಬ್ಬು ಗಂಟಿಕ್ಕಿದ. “ಇದು ನಮ್ಮ ತಂದೆಯವರದ್ದು. ಕಳೆದುಹೋಯ್ತು ಅಂದಿದ್ರಲ್ಲ?” ಇನ್ನೊಂದು ಹಾಳೆ ತಿರುವಿ, ಪುಸ್ತಕವನ್ನೇ ತಲೆಕೆಳಗೆ ಮಾಡಿ ಹಿಡಿದ.

“ನನ್ನದೂ ಇಲ್ಲಿದೆ ಕಣ್ರೀ,” ಎಂದರು ವಕೀಲರು. “ಆದ್ರೆ ಬಾಡಿಗೆ ಕಾನೂನಿನ ಮಧ್ಯೆ ಕೋಳಿ ಸಾಕೋದು ಹೇಗೆ ಅಂತ ಬಂದಿದೆ!”

ಯಾರೋ ಕಿಸಕ್ಕೆಂದರು. ಎದುರಿಗೆ ಹೆಣವಿದೆಯೆಂದು ನೆನಪಾಗಿ ಕೆಮ್ಮಿದರು. ಚಿಕ್ಕಪ್ಪ ಬೆಡ್‌ಶೀಟನ್ನು ಎತ್ತಿಕೊಂಡು, ಏನು ಮಾಡಬೇಕೆಂದು ತೋಚದೆ ಮಡಚತೊಡಗಿದ. ಮಗಳು ಅಪ್ಪನ ಮುಖದ ಕಡೆ ನೋಡಲಾರದೆ ಅವನ ಕಾಲಿನ ಬಳಿ ನಿಂತಳು.

“ಪುಟ್ಟಿ,” ಟೀಚರಮ್ಮ ಕೈಚಾಚಿ ಕರೆದರು. “ಹಾಗಾದ್ರೆ ನನ್ನದೂ ಇರಬೇಕಲ್ವಾ?”

ಇಲ್ಲ ಎನ್ನಬಹುದಿತ್ತು. ಆ ಮಾತು ಅವಳ ನಾಲಿಗೆಯ ತುದಿಗೂ ಬಂದಿತ್ತು. ಅಪ್ಪನ ಮಾನ ಇನ್ನಷ್ಟು ಕಳೆಯಬೇಕೆ, ಅದೂ ಅವನು ಇಲ್ಲೇ ಮಲಗಿರುವಾಗ? ಆದರೆ ಟೀಚರಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಗಳು ಕೆಳಗಿನ ಸಾಲಿನಿಂದ ಹುಡುಕದೆಯೇ ಪುಸ್ತಕ ತೆಗೆದಳು.

“ಅಪ್ಪ ಕೈತಪ್ಪಿ ಅಂಚು ಕತ್ತರಿಸಿಬಿಟ್ಟಿದ್ರು, ಟೀಚರಮ್ಮ. ನಿಮಗೆ ಮುಖ ತೋರಿಸೋಕೆ ಆಗ್ಲಿಲ್ಲ ಅವರಿಗೆ. ನಾನೂ ನಿಮಗೆ...” ಪುಸ್ತಕವನ್ನು ಅವರ ಕೈಗಿಟ್ಟಳು.

ಟೀಚರಮ್ಮ ಕನ್ನಡಕ ಹಾಕಿಕೊಂಡು ತೆರೆದರು. ಅಂಚಿನ ಪೆನ್ಸಿಲ್ ಬರಹದ ಪ್ರತಿ ಸಾಲೂ ಅರ್ಧಕ್ಕೆ ನಿಂತಿತ್ತು.

“ಪೂರ್ತಿ ಹೋಯ್ತು ಅಂದ್ಕೊಂಡಿದ್ದೆ,” ಎಂದರು. “ಅರ್ಧ ಇತ್ತಲ್ಲಮ್ಮ. ಇಷ್ಟು ವರ್ಷ ಅರ್ಧನಾದ್ರೂ ಓದ್ಕೊಳ್ತಿದ್ದೆ.”

ಹೊರಗೆ ವ್ಯಾನ್ ಬಂದ ಸದ್ದಾಯಿತು. ಜನ ಎದ್ದರು. ಟೀಚರಮ್ಮ ಏಳಲಿಲ್ಲ. ಅವರ ಬೆರಳು ಪೆನ್ಸಿಲ್ ಸಾಲಿನ ಮೇಲೆ ಮೆಲ್ಲಗೆ ಹೋಗಿ, ಹಾಳೆ ಮುಗಿದರೂ ನಿಲ್ಲದೆ, ಮಡಿಲಿನ ಬಟ್ಟೆಯ ಮೇಲೆ ಒಂದೆರಡು ಅಕ್ಷರದಷ್ಟು ಮುಂದಕ್ಕೆ ಜಾರಿ, ಅಲ್ಲಿ ತಡಕಾಡಿ, ವಾಪಸ್ಸು ಬಂದು ಮುಂದಿನ ಸಾಲಿಗೆ ಇಳಿಯಿತು.