ಬಾಲದ ಮೇಲಿನ ಹದ್ದು

“ಬಾಲದ ಮೇಲಿರೋ ಹದ್ದನ್ನ ಮೊದಲು ಅಳಿಸಪ್ಪ. ಪೇಪರಿನ ಫೋಟೊದವರು ದಾರೀಲಿದಾರೆ,” ಎಂದ ದೊಡ್ಡ ವಿಮಾನ ಕಂಪನಿಯ ಅಧಿಕಾರಿ, ಬಿಳಿ ಬಣ್ಣದ ಡಬ್ಬಿ, ಬ್ರಷ್ಷು ಚಾಚುತ್ತ.

ಏಣಿ ಹೊತ್ತು ಬಂದಿದ್ದ ಬಣ್ಣದವನು ಡಬ್ಬಿ ಹಿಡಿಯಲಿಲ್ಲ. ರನ್‌ವೇ ಮುಗಿದು ಹುಲ್ಲು ಶುರುವಾಗುವಲ್ಲಿ ಪುಟ್ಟ ವಿಮಾನ ಕಾಲು ಮುರಿದ ಹಸುವಿನಂತೆ ಒಂದು ಪಕ್ಕಕ್ಕೆ ಒರಗಿತ್ತು. ಬೆಳಿಗ್ಗೆ ಎಡಗಡೆಯ ಚಕ್ರ ಇಳಿಯಲೇ ಇಲ್ಲ. ಆದರೂ ಪ್ರಯಾಣಿಕರಲ್ಲಿ ಒಬ್ಬರಿಗೂ ಕುಂದಾಗದಂತೆ ಇಳಿಸಿದ ಪೈಲಟ್, ಬಣ್ಣದವನ ಅಕ್ಕನ ಗಂಡ, ತಾನು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದ. ದೇವರು ದೊಡ್ಡವನು, ಮನುಷ್ಯರ ಮಾತು ಬೇರೆ.

ಹಿಂದೆ ಈ ಬಾಲದ ಮೇಲೆ, ಬಣ್ಣದವನು ಕೆಲಸಕ್ಕಿರುವ ಪುಟ್ಟ ಕಂಪನಿಯ ಗುರುತಾದ ಗುಬ್ಬಿಯಿತ್ತು. ಅದರ ಮುದಿ ಯಜಮಾನರು ಹೊಲ ಮಾರಿ ಕೊಂಡ ಎರಡು ವಿಮಾನಗಳು ಗುಡ್ಡದಾಚೆಯ ಊರುಗಳಿಗೆ ಟಪಾಲು, ಔಷಧಿ ಒಯ್ಯುತ್ತಿದ್ದವು. ಬರುವಾಗ ದಿನ ತುಂಬಿದ ಬಸುರಿಯರನ್ನು ಕರೆತರುತ್ತಿದ್ದವು. ಆಮೇಲೆ ದೊಡ್ಡ ಕಂಪನಿ ಬಂತು. ಗುಬ್ಬಿ ಜನರನ್ನು ತಂದು ತನ್ನ ಹದ್ದಿನ ಗುರುತಿನ ದೊಡ್ಡ ವಿಮಾನಗಳಿಗೆ ಹತ್ತಿಸಲಿ, ಆದರೆ ತಾನೂ ಹದ್ದಿನ ವೇಷ ಹಾಕಲಿ ಎಂದಿತು. ಟಿಕೆಟ್ಟು ಅವರದು, ಸಮವಸ್ತ್ರ ಅವರದು. ಗುಬ್ಬಿಯ ಮೇಲೆ ಹದ್ದು ಬರೆದವನು ಇದೇ ಬಣ್ಣದವನು.

ಜೇಬಿನ ಫೋನು ಬಡಿದುಕೊಂಡಿತು. ಅಕ್ಕ. “ನಿಮ್ಮ ಭಾವಂಗೆ ಎಚ್ಚರ ಆಯ್ತು ಕಣೋ. ಎಲ್ಲರೂ ಕ್ಷೇಮಾನಾ ಅಂತ ಒಂದೇ ಸಮ ಕೇಳ್ತಿದಾರೆ.”

“ಕ್ಷೇಮ ಅನ್ನು,” ಎಂದು ಇಟ್ಟ.

“ಬೇಗ ಕಣಯ್ಯಾ!” ಎಂದ ಅಧಿಕಾರಿ. “ ಇದು ನಮ್ಮ ವಿಮಾನ ಅಲ್ಲ ಅಂತ ಹೇಳಿಕೆ ಕೊಟ್ಟಾಗಿದೆ. ಓಡಿಸಿದವನು ನಿಮ್ಮವನು, ತಪ್ಪು ಅವನದೇ.”

ಸೂಟ್‌ಕೇಸಿನ ಮೇಲೆ ಕೂತಿದ್ದ ಪ್ರಯಾಣಿಕ ಅಜ್ಜಿ ತಲೆಯೆತ್ತಿದಳು. “ನಿಮ್ಮದಲ್ವಾ? ನನ್ನ ಟಿಕೆಟ್ ಮೇಲೆ ನಿಮ್ಮ ಹದ್ದು ಕೂತಿದೆಯಲ್ಲಪ್ಪಾ, ಮೊಟ್ಟೆ ಇಡೋಕೆ ಬಂದಿತ್ತಾ? ಜೀವ ಉಳಿಸಿದ ಮಗನ ತಲೆಗೆ ಕಟ್ತೀರಲ್ಲ, ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ!”

ಅಧಿಕಾರಿ ಅತ್ತ ನೋಡಲಿಲ್ಲ. “ಅಳಿಸದೆ ಇದ್ರೆ ನಾಳೆಯಿಂದ ನಿಮ್ಮ ಕಂಪನಿಗೆ ನಮ್ಮ ಕೆಲಸ ಇಲ್ಲ. ತಿಳೀತಾ?”

“ತಿಳೀತು ಸಾರ್. ಹೊಳೆ ದಾಟಿ ಆಯ್ತಲ್ಲ, ಇನ್ನು ಅಂಬಿಗ ಯಾಕೆ?” ಎಂದ ಬಣ್ಣದವನು. ವಿಮಾನಕ್ಕೆ ಒರಗಿಸಿದ್ದ ಏಣಿಯನ್ನು ಎತ್ತಿ ಹೆಗಲಿಗೇರಿಸಿದ. “ಡಬ್ಬಿ ನಿಮ್ಮದು, ನೀವೇ ಇಟ್ಕೊಳ್ಳಿ. ಏಣಿ ನಮ್ಮ ಯಜಮಾನರದು.”

ಅವನು ಹುಲ್ಲು ತುಳಿಯುತ್ತ ಆಸ್ಪತ್ರೆಯ ರಸ್ತೆಯತ್ತ ನಡೆದ. ಹತ್ತಿ ನಿಲ್ಲಲು ಬೇರೇನೂ ಕಾಣದೆ ಅಧಿಕಾರಿ ಅಜ್ಜಿಯ ಸೂಟ್‌ಕೇಸನ್ನು ನೋಡಿದ. ಅವಳು ಇನ್ನಷ್ಟು ಊರಿ ಕೂತಳು.

ಗೇಟಿನಲ್ಲಿ ಫೋಟೊದವರ ವ್ಯಾನು ತಿರುಗುವಾಗ ಅಧಿಕಾರಿ ತುದಿಗಾಲಿನಲ್ಲಿ ನಿಂತು ಬ್ರಷ್ಷು ಚಾಚುತ್ತಲೇ ಇದ್ದ. ತೋಳಿನಗುಂಟ ಬಿಳಿ ಬಣ್ಣ ಇಳಿಯುತ್ತಿತ್ತು. ಹದ್ದಿನ ಪಾದಗಳಷ್ಟೇ ಮುಚ್ಚಿದ್ದವು. ಮೇಲೆ, ಬಿಸಿಲಿನಲ್ಲಿ, ಅದರ ಕಣ್ಣು ತೆರೆದೇ ಇತ್ತು.